ಬಿಟ್ಟು ಹೋಗಬಲ್ಲವರ ನಾಯಕ

2014ರ ಜನವರಿ ಕೊನೆಯ ವಾರ. ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟದಲ್ಲಿ ಬಿ-ಆರ್5ಆರ್‌ಬಿ ಎಂಬ ಸೌರಮಂಡಲವನ್ನು ಆಟಗಾರರ ಬಲಿಷ್ಠ ಕೂಟವೊಂದು ತನ್ನ ದಂಡಿನ ನೆಲೆ ಮಾಡಿಕೊಂಡಿತ್ತು. ಆ ಜಾಗದ ಒಡೆತನ ಉಳಿಯಬೇಕಾದರೆ ಆಗ ಆಟದೊಳಗಿನ ಹಣದಲ್ಲಿ ಕಾಲಕಾಲಕ್ಕೆ ಶುಲ್ಕ ಕಟ್ಟಬೇಕಿತ್ತು. ಆ ಸಲದ ಶುಲ್ಕ ಪಾವತಿಯಾಗಲಿಲ್ಲ. ಒಡೆತನ ಬಿದ್ದುಹೋಯಿತು, ಎದುರಾಳಿಗಳು ನುಗ್ಗಿದರು, ಎರಡೂ ಕಡೆಯವರು ತಮ್ಮವರನ್ನೆಲ್ಲ ಕರೆದರು. 21 ಗಂಟೆ ನಡೆದ ಆ ಕದನದಲ್ಲಿ 7,548 ಆಟಗಾರರು ಪಾಲ್ಗೊಂಡರು. ಟೈಟನ್ ಎಂಬ ಅತಿ ದೊಡ್ಡ ಹಡಗುಗಳಲ್ಲಿ 75 ನಾಶವಾದವು. ಅಂಥ ಒಂದು ಹಡಗು ಕಟ್ಟಲು ಹಲವರು ವಾರಗಟ್ಟಲೆ ದುಡಿಯಬೇಕು. ನಿಜಹಣಕ್ಕೆ ಲೆಕ್ಕ ಹಾಕಿದರೆ ನಷ್ಟ 3 ಲಕ್ಷ ಡಾಲರ್ ಮೀರಿತ್ತು.

ಆ ದಿನಗಳಲ್ಲಿ ಪತ್ರಿಕೆಗಳು ಬರೆದದ್ದೆಲ್ಲ ಉರಿಯುವ ಹಡಗುಗಳ ಬಗ್ಗೆ. ನನ್ನ ಗಮನ ನಿಲ್ಲುವುದು ಪಾವತಿಯಾಗದ ಆ ಶುಲ್ಕದ ಮೇಲೆ. ಸಾವಿರಾರು ಜನರ ದಂಡು, ವರ್ಷಗಳ ಸಂಪಾದನೆ, ನುರಿತ ಸೇನಾನಿಗಳು ಎಲ್ಲ ಇದ್ದೂ ಒಂದು ಬಿಲ್ ಕಟ್ಟಿದೆಯೇ ಎಂದು ನೋಡುವ ಕೆಲಸ ತಪ್ಪಿದರೆ ಏನಾಗುತ್ತದೆ ಎಂಬುದು ಅಲ್ಲಿ ಕಂಡಿತು. ಆನ್‌ಲೈನ್ ಆಟದಲ್ಲಿ ಗುಂಪೊಂದನ್ನು ಮುನ್ನಡೆಸುವುದೆಂದರೆ ಮುಂದೆ ನಿಂತು ‘ನುಗ್ಗಿ’ ಎನ್ನುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ಒಳಗಿದ್ದವರಿಗೆ ಗೊತ್ತು, ಆ ಕೆಲಸದ ಬಹುಪಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಈ ಲೋಕದ ಪರಿಚಯ ಆಗಬೇಕು. ಈವ್ ಆನ್‌ಲೈನನ್ನು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನ ಸಿಸಿಪಿ ಗೇಮ್ಸ್ ಸಂಸ್ಥೆ 2003ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿತು. ಬಹುತೇಕ ಆನ್‌ಲೈನ್ ಆಟಗಳಲ್ಲಿ ಆಟಗಾರರನ್ನು ಹತ್ತಾರು ಸರ್ವರ್‌ಗಳಿಗೆ ಹಂಚಿರುತ್ತಾರೆ. ಇಲ್ಲಿ ಹಾಗಿಲ್ಲ. ಚೀನಾದ ಪ್ರತ್ಯೇಕ ಸರ್ವರ್ ಬಿಟ್ಟರೆ ಜಗತ್ತಿನ ಎಲ್ಲ ಆಟಗಾರರಿಗೂ ಇರುವುದು ಒಂದೇ ಬ್ರಹ್ಮಾಂಡ. ಅದರಲ್ಲಿ ಸುಮಾರು 7,800 ಸೌರಮಂಡಲಗಳು. ಅಲ್ಲಿರುವ ಹಡಗು, ಮದ್ದುಗುಂಡು, ಬಿಡಿಭಾಗಗಳಲ್ಲಿ ಬಹುಪಾಲು ಯಾರೋ ಒಬ್ಬ ಆಟಗಾರ ಅದಿರು ಅಗೆದು, ಇನ್ನೊಬ್ಬ ಸಾಗಿಸಿ, ಮತ್ತೊಬ್ಬ ಕಟ್ಟಿ ಮಾರಿದ ಸರಕು. ಹಡಗು ಒಡೆದರೆ ಒಡೆಯಿತು. ಮರುಕ್ಷಣ ಹೊಸದು ಪ್ರತ್ಯಕ್ಷವಾಗುವುದಿಲ್ಲ. ಈ ಒಂದು ನಿಯಮದಿಂದಲೇ ಅಲ್ಲಿ ಭಯಕ್ಕೆ ಬೆಲೆಯಿದೆ, ಧೈರ್ಯಕ್ಕೂ ಬೆಲೆಯಿದೆ.

ಆಟಗಾರರು ಸೇರಿ ಕಟ್ಟುವ ಗುಂಪಿಗೆ ಕಾರ್ಪೊರೇಷನ್ ಎನ್ನುತ್ತಾರೆ. ಅದಕ್ಕೊಬ್ಬ ಸಿಇಒ, ಕೆಲವು ನಿರ್ದೇಶಕರು, ಖಜಾನೆ, ಉಗ್ರಾಣ, ತೆರಿಗೆ ದರ. ಕಾರ್ಪೊರೇಷನ್‌ಗಳು ಸೇರಿದರೆ ಅಲಯನ್ಸ್. ಅಲಯನ್ಸ್‌ಗಳು ಕೈಜೋಡಿಸಿದರೆ ಹತ್ತಾರು ಸಾವಿರ ಸದಸ್ಯರ ಒಕ್ಕೂಟ. ಇಷ್ಟಾದರೂ ಅದರ ನಾಯಕನ ಕೈಯಲ್ಲಿ ನಿಜ ಜೀವನದ ಯಾವ ನಾಯಕನಿಗೂ ಇರುವಂಥ ಹಿಡಿತವಿಲ್ಲ. ಅವನು ಸಂಬಳ ಕೊಡುವುದಿಲ್ಲ. ಆಡಲು ಬರುವವರಲ್ಲಿ ಹಲವರು ತಮ್ಮ ಜೇಬಿನಿಂದಲೇ ಚಂದಾ ಕಟ್ಟಿ ಬಂದಿರುತ್ತಾರೆ. ಅವನು ಯಾರನ್ನೂ ಕಟ್ಟಿಹಾಕಲಾರ; ಬೇಸರವಾದವನು ಮೌಸ್‌ನ ಒಂದೆರಡು ಒತ್ತಿಗೆ ಗುಂಪು ಬಿಟ್ಟು ಹೋಗುತ್ತಾನೆ, ತನ್ನ ಹಡಗನ್ನೂ ಕೊಂಡೊಯ್ಯುತ್ತಾನೆ. ಬಹಳ ಸಲ ಅವನು ಬಿಡುವುದೂ ಇಲ್ಲ. ಸುಮ್ಮನೆ ಲಾಗಿನ್ ಆಗುವುದನ್ನು ನಿಲ್ಲಿಸುತ್ತಾನೆ. ಪಟ್ಟಿಯಲ್ಲಿ ಹೆಸರಿರುತ್ತದೆ, ಕರೆದಾಗ ಬರುವವರು ಇರುವುದಿಲ್ಲ.

ಬಿಟ್ಟು ಹೋಗಬಲ್ಲವರನ್ನು ಮುನ್ನಡೆಸುವುದು ಹೇಗೆ ಎಂಬುದೇ ಈ ಆಟ ಎರಡು ದಶಕಗಳಿಂದ ಕೇಳುತ್ತ ಬಂದ ಪ್ರಶ್ನೆ. ಅದು ಕೊಟ್ಟ ಉತ್ತರ ಆಟದ ಆಚೆಗೂ ಬೆಲೆ ಬಾಳುವಂಥದ್ದು ಎಂದು ನಾನು ನಂಬಿದ್ದೇನೆ.

ಇನ್ನೂರು ಜನ, ಒಂದು ಧ್ವನಿ

ಒಂದು ಫ್ಲೀಟ್, ಅಂದರೆ ಹಡಗುಗಳ ದಂಡು, ಹೊರಡುವುದನ್ನು ಹತ್ತಿರದಿಂದ ನೋಡೋಣ. ಡಿಸ್ಕಾರ್ಡ್‌ನಂಥ ಕಡೆ ಸದಸ್ಯರಿಗೆಲ್ಲ ಒಂದು ಕರೆ ಹೋಗುತ್ತದೆ. ಅವರ ಬಾಯಲ್ಲಿ ಅದು ಪಿಂಗ್. ಎಲ್ಲಿ ಸೇರಬೇಕು, ಎಷ್ಟು ಹೊತ್ತಿಗೆ, ಯಾವ ಧ್ವನಿ ಚಾನೆಲ್, ಯಾವ ಹಡಗು, ಇಷ್ಟೇ ಅದರಲ್ಲಿರುವುದು. ಯಾವ ಹಡಗು, ಅದರ ಮೇಲೆ ಯಾವ ಯಂತ್ರ ಎಂಬುದನ್ನು ಗುಂಪು ಮೊದಲೇ ಗೊತ್ತುಮಾಡಿರುತ್ತದೆ. ಇದಕ್ಕೆ ಡಾಕ್ಟ್ರಿನ್ ಎನ್ನುತ್ತಾರೆ. ಎಲ್ಲರ ಹಡಗೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗಬೇಕು, ಒಂದೇ ದೂರಕ್ಕೆ ಗುಂಡು ಹಾರಿಸಬೇಕು, ಒಂದೇ ಬಗೆಯ ರಿಪೇರಿಗೆ ಒಗ್ಗಬೇಕು. ತನಗೆ ಇಷ್ಟವಾದದ್ದನ್ನು ತಂದವನು ಹಿಂದೆ ಉಳಿದು ಒಬ್ಬನೇ ಸಾಯುತ್ತಾನೆ.

ಒಂದು ಫ್ಲೀಟ್‌ನಲ್ಲಿ ಗರಿಷ್ಠ 256 ಮಂದಿ. ಅವರನ್ನು ನಡೆಸುವವನು ಫ್ಲೀಟ್ ಕಮಾಂಡರ್, ಎಲ್ಲರಿಗೂ ಎಫ್‌ಸಿ. ದಾರಿಯುದ್ದಕ್ಕೂ ಧ್ವನಿ ಚಾನೆಲ್‌ನಲ್ಲಿ ಹರಟೆ ನಡೆದಿರುತ್ತದೆ. ಮುಂದೆ ಹೋದ ಸ್ಕೌಟ್ ಎದುರಾಳಿಯ ಸುಳಿವು ಕೊಟ್ಟ ಕೂಡಲೇ ಎಫ್‌ಸಿ ‘ಚೆಕ್, ಚೆಕ್’ ಎನ್ನುತ್ತಾನೆ. ಇನ್ನೂರು ಬಾಯಿ ಒಮ್ಮೆಲೆ ಮುಚ್ಚುತ್ತವೆ. ‘ಗೇಟ್ ಹತ್ತಿರ ನಿಲ್ಲಿ, ಯಾರೂ ಜಂಪ್ ಮಾಡಬೇಡಿ.’ ಸ್ವಲ್ಪ ಹೊತ್ತಿನ ಮೇಲೆ ‘ಜಂಪ್, ಜಂಪ್, ಜಂಪ್.’ ಒಂದು ಸೌರಮಂಡಲದಿಂದ ಇನ್ನೊಂದಕ್ಕೆ ಒಯ್ಯುವ ಗೇಟ್ ದಾಟಿದ ಹಡಗು ಅಲುಗದೆ ಇದ್ದರೆ ಸುಮಾರು ಒಂದು ನಿಮಿಷ ಯಾರ ಕಣ್ಣಿಗೂ ಕಾಣುವುದಿಲ್ಲ. ಎದುರಿಗೆ ಎಷ್ಟು ಜನ, ಯಾವ ಬಗೆಯ ಹಡಗು, ಕಾದಬೇಕೋ ಹಿಂತಿರುಗಬೇಕೋ ಎಂದು ಎಫ್‌ಸಿ ತೀರ್ಮಾನಿಸುವುದು ಆ ಒಂದು ನಿಮಿಷದಲ್ಲಿ. ಯಾರೋ ಒಬ್ಬ ತಾಳ್ಮೆಗೆಟ್ಟು ಹಡಗು ಅಲುಗಿಸಿದರೆ ಅವನು ಬಯಲಾಗುತ್ತಾನೆ, ಎಫ್‌ಸಿಯ ಯೋಚನೆಯ ಹೊತ್ತೂ ಹಾಳಾಗುತ್ತದೆ.

ಕದನ ಶುರುವಾದಾಗ ಎಫ್‌ಸಿ ಒಂದು ಹೆಸರು ಹೇಳಿ ‘ಪ್ರೈಮರಿ’ ಎನ್ನುತ್ತಾನೆ. ಎಲ್ಲರ ಗುಂಡೂ ಆ ಒಂದೇ ಹಡಗಿನ ಮೇಲೆ. ಇನ್ನೂರು ಮಂದಿ ಇನ್ನೂರು ಹಡಗುಗಳಿಗೆ ಹೊಡೆದರೆ ಎದುರಾಳಿಯ ರಿಪೇರಿ ಹಡಗುಗಳು ಎಲ್ಲವನ್ನೂ ಉಳಿಸಿಕೊಳ್ಳುತ್ತವೆ. ಒಂದಕ್ಕೇ ಹೊಡೆದರೆ ರಿಪೇರಿ ತಲುಪುವ ಮುನ್ನ ಅದು ಮುಗಿದಿರುತ್ತದೆ. ಇತ್ತ ತನ್ನ ಮೇಲೆ ಗುಂಡು ಬಿದ್ದವನು ಬ್ರಾಡ್‌ಕಾಸ್ಟ್ ಗುಂಡಿ ಒತ್ತಬೇಕು. ಆಗ ಲಾಜಿಗಳು, ಅಂದರೆ ರಿಪೇರಿ ಹಡಗಿನವರು, ಅವನತ್ತ ತಿರುಗುತ್ತಾರೆ. ಐದಾರು ಸೆಕೆಂಡು ತಡವಾದರೂ ಹಡಗು ಉಳಿಯದು. ಲಾಜಿ ಕಣ್ಣು ಮಿಟುಕಿಸದೆ ಕೂತಿರುತ್ತಾನೆ. ಆದರೆ ಎದುರಾಳಿಯ ಹಡಗು ಒಡೆದಾಗ ಆಟ ಬರೆದಿಡುವ ದಾಖಲೆಯಲ್ಲಿ ಹೊಡೆದವರ ಹೆಸರುಗಳು ಬರುತ್ತವೆ, ಉಳಿಸಿದವರ ಹೆಸರು ಬರುವುದಿಲ್ಲ. ಆಟ ಮರೆತದ್ದನ್ನು ಒಳ್ಳೆಯ ಎಫ್‌ಸಿ ನೆನಪಿಟ್ಟುಕೊಳ್ಳುತ್ತಾನೆ. ಕದನ ಮುಗಿದ ಮೇಲೆ ಮೊದಲ ಮಾತು ಲಾಜಿಗಳಿಗೆ, ಹೆಸರು ಹಿಡಿದು ಥ್ಯಾಂಕ್ಸ್.

ಎದುರಾಳಿ ಮೊದಲು ಹುಡುಕುವುದು ಎಫ್‌ಸಿಯ ಹಡಗನ್ನೇ. ಧ್ವನಿ ನಿಂತರೆ ದಂಡು ದಿಕ್ಕೆಡುತ್ತದೆ ಎಂದು ಅವರಿಗೂ ಗೊತ್ತು. ಅದಕ್ಕೇ ನುರಿತ ಗುಂಪು ಹೊರಡುವ ಮುನ್ನವೇ ಎರಡನೆಯ, ಮೂರನೆಯ ಎಫ್‌ಸಿ ಯಾರೆಂದು ಗೊತ್ತುಮಾಡಿರುತ್ತದೆ. ಮೊದಲನೆಯವನ ಹಡಗು ಸಿಡಿದ ಮರುಗಳಿಗೆ ಇನ್ನೊಂದು ಧ್ವನಿ ಮುಂದಿನ ಹೆಸರು ಹೇಳುತ್ತದೆ. ಫ್ಲೀಟ್ ಚೆದುರುವುದಿಲ್ಲ. ತಾನಿಲ್ಲದಾಗಲೂ ನಡೆಯುವಂತೆ ಕಟ್ಟುವುದೇ ನಾಯಕನ ಕೆಲಸ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪಾಠಶಾಲೆ ಬೇರೆ ಕಡೆ ಕಡಿಮೆ.

ಸೋತವನ ಹಡಗಿಗೆ ಬೆಲೆ ಕೊಡುವವರು

ಕದನ ಮುಗಿಯಿತು. ನಲವತ್ತು ಜನ ಹಡಗು ಕಳೆದುಕೊಂಡಿದ್ದಾರೆ ಎನ್ನಿ. ನಾಯಕತ್ವದ ನಿಜವಾದ ಪರೀಕ್ಷೆ ಶುರುವಾಗುವುದು ಈಗ. ಗಟ್ಟಿ ಗುಂಪುಗಳಲ್ಲಿ ಎಸ್‌ಆರ್‌ಪಿ ಎಂಬ ವ್ಯವಸ್ಥೆ ಇರುತ್ತದೆ. ಗುಂಪಿನ ಕೆಲಸಕ್ಕೆ ಹೋಗಿ ಹಡಗು ಕಳೆದುಕೊಂಡವನಿಗೆ ಗುಂಪಿನ ಖಜಾನೆಯಿಂದಲೇ ಪರಿಹಾರ. ನಾಶದ ದಾಖಲೆಯನ್ನು ಸಲ್ಲಿಸಬೇಕು, ಹಡಗು ಡಾಕ್ಟ್ರಿನ್‌ಗೆ ಸರಿಯಾಗಿತ್ತೇ ಎಂದು ಒಬ್ಬ ನೋಡಬೇಕು, ಹಣ ಹಾಕಬೇಕು. ಈ ಹಣ ಗುಂಪಿನ ತೆರಿಗೆಯಿಂದ, ಚಂದ್ರರ ಮೇಲಿನ ಗಣಿಗಾರಿಕೆಯಿಂದ ಬರುತ್ತದೆ. ಅದಿರು ಅಗೆಯುವ, ಒಮ್ಮೆಯೂ ಗುಂಡು ಹಾರಿಸದ ಸದಸ್ಯನ ಬೆವರು ಕದನದಲ್ಲಿ ಸುಟ್ಟುಹೋದವನ ಹೊಸ ಹಡಗಾಗುತ್ತದೆ.

ಪರಿಹಾರ ಎರಡೇ ದಿನಕ್ಕೆ ಬಂದರೆ ಮುಂದಿನ ಪಿಂಗ್‌ಗೆ ಆ ನಲವತ್ತೂ ಜನ ಬರುತ್ತಾರೆ. ಒಂದು ತಿಂಗಳು ಕಾದರೆ ಹತ್ತು ಜನ ಬರುತ್ತಾರೆ. ನಾಯಕನ ಗೆಳೆಯರಿಗೆ ಮೊದಲು, ಹೊಸಬರಿಗೆ ಆಮೇಲೆ ಎಂದಾದರೆ ಆ ಗುಂಪಿನ ದಿನ ಎಣಿಸಬಹುದು. ಸಾಲುಸಾಲು ಸೋತರೂ ನಿಂತ ಗುಂಪುಗಳಿವೆ. ಕೊಟ್ಟ ಮಾತಿನಂತೆ ಪರಿಹಾರ ಕೊಡದೆ ನಿಂತ ಗುಂಪು ಸಿಗುವುದು ಕಷ್ಟ.

ಹೊಸಬರ ವಿಷಯಕ್ಕೂ ಇದೇ ನ್ಯಾಯ. ಈವ್‌ನಲ್ಲಿ ಕೌಶಲಗಳು ನಿಜ ಸಮಯದಲ್ಲಿ ಬೆಳೆಯುತ್ತವೆ. ಹತ್ತು ವರ್ಷ ಆಡಿದವನನ್ನು ಹತ್ತು ದಿನದವನು ಅಷ್ಟು ಸುಲಭವಾಗಿ ಸರಿಗಟ್ಟಲಾರ. ಹಾಗಾದರೆ ಹೊಸಬನಿಗೆ ಏನು ಕೆಲಸ? ಫ್ರಿಗೇಟ್ ಎಂಬ ಸಣ್ಣ, ಅಗ್ಗದ, ಚುರುಕು ಹಡಗಿನಲ್ಲಿ ನುಗ್ಗಿ ದೊಡ್ಡ ಬ್ಯಾಟಲ್‌ಶಿಪ್ ತಪ್ಪಿಸಿಕೊಳ್ಳದಂತೆ ಹಿಡಿದು ನಿಲ್ಲಿಸುವುದು. ವಾರ್ಪ್, ಅಂದರೆ ಹಡಗಿನ ಅತಿವೇಗದ ಓಟ, ತಡೆಯುವ ಒಂದು ಯಂತ್ರವಿದ್ದರೆ ಸಾಕು. ಅವನು ಹಿಡಿದಿಟ್ಟ ಅರ್ಧ ನಿಮಿಷದಲ್ಲಿ ಹಿಂದಿನವರು ಬಂದು ಮುಗಿಸುತ್ತಾರೆ. ಅವನ ಹಡಗು ಹೋಗಬಹುದು, ಆದರೆ ಆ ದಿನದ ಬೇಟೆಗೆ ಅವನೇ ಕಾರಣ. ಗುಂಪು ಅವನಿಗೆ ಅಂಥ ಹಡಗುಗಳನ್ನು ಉಚಿತವಾಗಿ ಕೊಡುತ್ತದೆ. ‘ನೀನು ಕಲಿತು ಬಾ, ಆಮೇಲೆ ನೋಡೋಣ’ ಎನ್ನುವ ನಾಯಕನಿಗೂ ‘ಇವತ್ತೇ ಬಾ, ನಿನ್ನಿಂದ ಈ ಕೆಲಸ ಆಗಬೇಕು’ ಎನ್ನುವ ನಾಯಕನಿಗೂ ಇರುವ ಅಂತರ ಇದು. 2004ರಲ್ಲಿ ಹುಟ್ಟಿದ ಈವ್ ಯೂನಿವರ್ಸಿಟಿ ಎಂಬ ಕಾರ್ಪೊರೇಷನ್ ಹೊಸಬರಿಗೆ ಕಲಿಸುವುದನ್ನೇ ತನ್ನ ಉದ್ದೇಶ ಮಾಡಿಕೊಂಡಿತು. ಅಲ್ಲಿ ತರಗತಿಗಳು ನಡೆಯುತ್ತವೆ, ಪಾಠ ಹೇಳುವವರೂ ಸ್ವಯಂಸೇವಕರೇ. 2013ರಲ್ಲಿ ಬಂದ ಬ್ರೇವ್ ನ್ಯೂಬೀಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅನುಭವವಿಲ್ಲದವರನ್ನೇ ದೊಡ್ಡ ಸಂಖ್ಯೆಯಲ್ಲಿ ಕದನಕ್ಕೆ ಕರೆದೊಯ್ಯಿತು.

ತಪ್ಪು ಮಾಡಿದವನನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದೂ ಗುಂಪಿನ ಗುಣ ಹೇಳುತ್ತದೆ. 2013ರ ಜನವರಿಯಲ್ಲಿ ಟೈಟನ್ ನಡೆಸುತ್ತಿದ್ದ ಒಬ್ಬ ಆಟಗಾರ ತನ್ನ ಫ್ಲೀಟನ್ನು ಅಸಕಾಯ್ ಎಂಬ ಸೌರಮಂಡಲಕ್ಕೆ ಕಳಿಸುವ ‘ಬ್ರಿಡ್ಜ್’ ಒತ್ತುವ ಬದಲು ‘ಜಂಪ್’ ಒತ್ತಿದ. ಫ್ಲೀಟ್ ಇಲ್ಲೇ ಉಳಿಯಿತು, ಅವನ ಟೈಟನ್ ಒಂದೇ ಎದುರಾಳಿಗಳ ನಡುವೆ ಹೋಗಿ ಬಿತ್ತು. ಅದನ್ನು ಉಳಿಸಲು ಹೋದವರು, ಕೊಲ್ಲಲು ಬಂದವರು ಸೇರಿ ಸಾವಿರಾರು ಜನರ ಕದನವಾಯಿತು, ಅವನ ಕಡೆಯವರಿಗೆ ಭಾರಿ ನಷ್ಟವಾಯಿತು. ಅವನ ಪಾಳೆಯ ಅವನನ್ನು ಹೊರಹಾಕಲಿಲ್ಲ. ಆಮೇಲೂ ಅವನು ಅವರ ಫ್ಲೀಟ್‌ಗಳನ್ನು ಮುನ್ನಡೆಸಿದ. ಒಂದು ತಪ್ಪಿಗೆ ತಲೆದಂಡ ಕೇಳುವ ಗುಂಪಿನಲ್ಲಿ ಮುಂದಿನ ಸಲ ಮುಂದಾಳಾಗಲು ಯಾರೂ ಕೈ ಎತ್ತುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ಬೀಗದ ಕೈ ಯಾರ ಹತ್ತಿರ?

ಈವ್‌ನ ದೊಡ್ಡ ಸಾಮ್ರಾಜ್ಯಗಳ ಕತೆ ಓದಿದರೆ ಹೊರಗಿನ ಫಿರಂಗಿಗಿಂತ ಒಳಗಿನ ಬಿರುಕೇ ಹೆಚ್ಚು ಕೆಡವಿದ್ದು ಕಾಣುತ್ತದೆ. ಇಲ್ಲಿ ಒಂದು ವಿಶೇಷ ನಿಯಮ ತಿಳಿದಿರಬೇಕು. ಆಟದೊಳಗಿನ ಮೋಸ, ಕಳ್ಳತನ, ಬೇಹುಗಾರಿಕೆಯನ್ನು ಆಟ ನಡೆಸುವ ಸಂಸ್ಥೆ ಬಹುಮಟ್ಟಿಗೆ ತಡೆಯುವುದಿಲ್ಲ. ಖಜಾನೆಯ ಅಧಿಕಾರ ನೀವೇ ಕೊಟ್ಟಿದ್ದರೆ, ಅವನು ಬಾಚಿಕೊಂಡು ಹೋದರೆ, ದೂರು ಕೊಡುವ ಜಾಗವಿಲ್ಲ.

2005ರಲ್ಲಿ ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್ ಎಂಬ ಗುಂಪಿನವರು ಒಂದು ಕಾರ್ಪೊರೇಷನ್‌ಗೆ ಸಾಧಾರಣ ಸದಸ್ಯರಂತೆ ಸೇರಿದರು. ತಿಂಗಳುಗಟ್ಟಲೆ ನಿಯತ್ತಿನಿಂದ ದುಡಿದರು, ಒಬ್ಬೊಬ್ಬರೇ ಮೇಲೇರಿದರು. ಒಂದು ದಿನ ಸೂಚನೆ ಸಿಕ್ಕ ಕೂಡಲೇ ಒಟ್ಟಿಗೆ ಉಗ್ರಾಣ ಬರಿದು ಮಾಡಿದರು, ಅದರ ಸಿಇಒ ಆಗಿದ್ದವಳ ಅಪರೂಪದ ಹಡಗನ್ನು ಒಡೆದರು. ಅವಳ ಪಕ್ಕದಲ್ಲಿ ಬೆಂಗಾವಲಾಗಿ ನಿಂತಿದ್ದವರೇ ಹೊಡೆದದ್ದು.

2009ರ ಫೆಬ್ರುವರಿಯಲ್ಲಿ ನಡೆದದ್ದು ಇನ್ನೂ ದೊಡ್ಡದು. ಬ್ಯಾಂಡ್ ಆಫ್ ಬ್ರದರ್ಸ್ ಆಗ ಆಟದ ಅತಿ ಪ್ರಬಲ ಅಲಯನ್ಸ್‌ಗಳಲ್ಲಿ ಒಂದು. ಅದರ ಒಬ್ಬ ನಿರ್ದೇಶಕ ಕಡುವೈರಿ ಗೂನ್‌ಸ್ವಾರ್ಮ್ ಕಡೆಗೆ ಹೋದ. ಹೋಗುವಾಗ ತನ್ನ ಅಧಿಕಾರ ಬಳಸಿ ಅಲಯನ್ಸನ್ನೇ ವಿಸರ್ಜಿಸಿದ. ಬಹಳ ಕಾಲ ಹಿಡಿದಿಟ್ಟ ಡೆಲ್ವ್ ಪ್ರದೇಶದ ಒಡೆತನದ ರಕ್ಷಣೆ ರಾತ್ರೋರಾತ್ರಿ ಕುಸಿಯಿತು. ಅದನ್ನು ಗೆದ್ದವರು ಗೂನ್‌ಸ್ವಾರ್ಮ್‌ನವರು. ಒಂದು ವರ್ಷ ಕಳೆಯಿತು. 2010ರ ಆರಂಭದಲ್ಲಿ ಗೂನ್‌ಸ್ವಾರ್ಮ್‌ನ ಮುಖ್ಯಸ್ಥನೇ ಜವಾಬ್ದಾರಿಯಿಂದ ಕೈ ತೊಳೆದುಕೊಂಡ. ಒಡೆತನದ ಶುಲ್ಕ ಬಾಕಿ ಉಳಿಯಿತು, ಡೆಲ್ವ್ ಕೈಬಿಟ್ಟಿತು, ಕೊನೆಗೆ ಅವನೇ ಆಸ್ತಿ ಎತ್ತಿಕೊಂಡು ಅಲಯನ್ಸನ್ನು ಮುರಿದ. ವೈರಿಯ ಮನೆ ಹೇಗೆ ಬಿತ್ತೆಂದು ಕಣ್ಣಾರೆ ಕಂಡವರ ಮನೆಯೂ ಹಾಗೆಯೇ ಬಿತ್ತು.

ಈ ಘಟನೆಗಳಿಂದ ‘ಯಾರನ್ನೂ ನಂಬಬೇಡಿ’ ಎಂಬ ಪಾಠ ಕಲಿತವರಿದ್ದಾರೆ. ಅದು ತಪ್ಪು ಪಾಠ. ಎಲ್ಲ ಬೀಗದ ಕೈಯನ್ನೂ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ ಸಿಇಒ ಒಂದು ವಾರ ಜ್ವರದಲ್ಲಿ ಮಲಗಿದರೆ ಗುಂಪು ನಿಲ್ಲುತ್ತದೆ. ಸದಸ್ಯರಿಗೆ ಹಡಗು ಸಿಗುವುದಿಲ್ಲ, ಬಿಲ್ ಕಟ್ಟುವವರಿಲ್ಲ. ಈಗಿನ ಅನುಭವಿ ಗುಂಪುಗಳು ಹಿಡಿದ ದಾರಿ ಬೇರೆ: ಕೆಲಸಕ್ಕೆ ತಕ್ಕಷ್ಟೇ ಅಧಿಕಾರ. ಉಗ್ರಾಣ ನೋಡುವವನಿಗೆ ಉಗ್ರಾಣ, ಸದಸ್ಯರನ್ನು ಸೇರಿಸುವವನಿಗೆ ಆ ಗುಂಡಿ, ಖಜಾನೆಯ ಲೆಕ್ಕ ನೋಡುವವನಿಗೆ ಲೆಕ್ಕ. ಅಲಯನ್ಸಿನ ಮೂಲ ಅಧಿಕಾರವನ್ನು ಯಾರೂ ಆಡದ ಪ್ರತ್ಯೇಕ ಕಾರ್ಪೊರೇಷನ್‌ನಲ್ಲಿ ಇಡುತ್ತಾರೆ. ಯಾರ ಹತ್ತಿರ ಯಾವ ಅಧಿಕಾರವಿದೆ ಎಂದು ಆಗಾಗ ಕೂತು ಪಟ್ಟಿ ನೋಡುತ್ತಾರೆ, ಕೆಲಸ ಬಿಟ್ಟವನಿಂದ ಹಿಂದಕ್ಕೆ ಪಡೆಯುತ್ತಾರೆ. ನಂಬಿಕೆಗೆ ಒಂದು ಕಟ್ಟುಪಾಡು ಹಾಕಿದರೆ ನಂಬಿದವರಿಗೂ ನಂಬಿಸಿಕೊಂಡವರಿಗೂ ನೆಮ್ಮದಿ.

ಪರದೆಯ ಆಚೆಗಿನ ಮನುಷ್ಯ

ಮುರಿದ ಮೇಲೆ ಮತ್ತೆ ಒಂದಾದ ಗೂನ್‌ಸ್ವಾರ್ಮ್‌ಗೆ ಒಬ್ಬ ರಾಯಭಾರಿ ಇದ್ದ. ಆಟದಲ್ಲಿ ಅವನ ಹೆಸರು ವೈಲ್ ರ‍್ಯಾಟ್. ಯಾರೊಂದಿಗೆ ಸಂಧಿ, ಯಾರೊಂದಿಗೆ ಗಡಿ ಒಪ್ಪಂದ, ಯಾವ ಜಗಳವನ್ನು ಮಾತಿನಲ್ಲೇ ಮುಗಿಸಬಹುದು ಎಂದು ದಿನವೂ ಹತ್ತಾರು ಗುಂಪುಗಳೊಂದಿಗೆ ಮಾತಾಡುವುದು ಅವನ ಕೆಲಸ. ಗೂನ್‌ಸ್ವಾರ್ಮ್‌ಗೆ ಸಿಕ್ಕ ಅನೇಕ ಮಿತ್ರರು ಸಿಕ್ಕಿದ್ದು ಅವನ ಮಾತಿನಿಂದ. ಆ ಆಟಗಾರ ನಿಜ ಜೀವನದಲ್ಲಿ ಶಾನ್ ಸ್ಮಿತ್, ಅಮೆರಿಕದ ವಿದೇಶಾಂಗ ಇಲಾಖೆಯ ಮಾಹಿತಿ ನಿರ್ವಹಣಾ ಅಧಿಕಾರಿ. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ನಡೆದ ದಾಳಿಯಲ್ಲಿ ರಾಯಭಾರಿ ಕ್ರಿಸ್ ಸ್ಟೀವನ್ಸ್ ಅವರೊಂದಿಗೆ ಸ್ಮಿತ್ ಅವರೂ ಪ್ರಾಣ ಕಳೆದುಕೊಂಡರು. ಸುದ್ದಿ ಬಂದಾಗ ಆಟದೊಳಗೆ ಮಿತ್ರರು ಮಾತ್ರವಲ್ಲ, ಅವರ ವಿರುದ್ಧ ಕಾದಿದವರೂ ತಮ್ಮ ನಿಲ್ದಾಣಗಳಿಗೆ ಅವರ ಹೆಸರಿಟ್ಟರು. ಮುಖ ನೋಡದವರ ನಡುವೆ ಹುಟ್ಟುವ ಬಾಂಧವ್ಯವನ್ನು ಹಗುರವಾಗಿ ಕಾಣುವವರು ಆ ದಿನಗಳನ್ನು ನೆನೆಯಬೇಕು.

ಅದೇ ವರ್ಷದ ಮಾರ್ಚ್‌ನಲ್ಲಿ ಇದಕ್ಕೆ ವಿರುದ್ಧವಾದದ್ದೂ ನಡೆದಿತ್ತು. ರೇಕ್ಯಾವಿಕ್‌ನಲ್ಲಿ ಸೇರಿದ್ದ ಆಟಗಾರರ ಸಮಾವೇಶದ ವೇದಿಕೆಯಲ್ಲಿ, ಅದೇ ಪಾಳೆಯದ ಮುಖ್ಯ ನಾಯಕ ದಿ ಮಿತ್ತಾನಿ, ಮಾನಸಿಕವಾಗಿ ಕುಸಿದಿದ್ದ ಒಬ್ಬ ಆಟಗಾರನನ್ನು ಗೇಲಿ ಮಾಡಿ, ಅವನನ್ನು ಇನ್ನಷ್ಟು ಕಾಡಿ ಎಂಬ ಅರ್ಥದ ಮಾತಾಡಿದ. ತೀವ್ರ ಖಂಡನೆ ಬಂತು. ಅವನು ಕ್ಷಮೆ ಕೇಳಿದ, ಆಟಗಾರರ ಚುನಾಯಿತ ಮಂಡಳಿಯ ಅಧ್ಯಕ್ಷ ಸ್ಥಾನ ಬಿಟ್ಟ. ಸಂಸ್ಥೆ ಅವನನ್ನು 30 ದಿನ ಆಟದಿಂದ ಹೊರಗಿಟ್ಟಿತು. ಹಡಗು ಒಡೆಯುವುದು ಆಟ, ಮನಸ್ಸು ಒಡೆಯುವುದು ಆಟವಲ್ಲ. ಸಾವಿರಾರು ಹುಡುಗರು ತನ್ನ ಮಾತಿಗೆ ಕಿವಿಗೊಡುತ್ತಾರೆ ಎಂದು ತಿಳಿದವನು ಈ ಗೆರೆಯನ್ನು ಎಲ್ಲರಿಗಿಂತ ಮೊದಲು ಕಾಯಬೇಕು. ಗೆಲುವಿನ ಅಮಲಿನಲ್ಲಿ ಸದಸ್ಯನೊಬ್ಬ ಸೋತವನ ಜಾತಿ, ದೇಶ, ಹೆಣ್ತನದ ಬಗ್ಗೆ ಕೀಳಾಗಿ ಮಾತಾಡಿದಾಗ ಸುಮ್ಮನಿರುವ ನಾಯಕ ಅದಕ್ಕೆ ಒಪ್ಪಿಗೆ ಕೊಟ್ಟಂತೆಯೇ.

ಪರದೆಯ ಆಚೆಗಿನ ಮನುಷ್ಯನಿಗೆ ನಿದ್ದೆಯೂ ಬೇಕು. ಈವ್‌ನ ಗಡಿಯಾರ ನಡೆಯುವುದು ಅಂತರರಾಷ್ಟ್ರೀಯ ಪ್ರಮಾಣಿತ ಸಮಯಕ್ಕೆ. ಯುರೋಪಿನವರು ಕೆಲಸ ಮುಗಿಸಿ ಕೂರುವ ಸಂಜೆ ಏಳರಿಂದ ಹತ್ತು, ಆ ಗಡಿಯಾರದ ಪ್ರಕಾರ, ಬೆಂಗಳೂರಿನಲ್ಲಿ ನಡುರಾತ್ರಿ ಹನ್ನೆರಡೂವರೆಯಿಂದ ಮೂರೂವರೆ. ಅಮೆರಿಕದವರ ಸಂಜೆ ನಮ್ಮ ಬೆಳಗಿನ ಆಫೀಸ್ ಹೊತ್ತು. ಮೈಸೂರಿನಿಂದಲೋ ಮಂಗಳೂರಿನಿಂದಲೋ ಆಡುವವರು ದೊಡ್ಡ ಕದನ ನೋಡಬೇಕೆಂದರೆ ನಿದ್ದೆಗೆಡಬೇಕು. ಎದುರಾಳಿಯ ನೆಲೆಗಳು ದಾಳಿಗೆ ತೆರೆಯುವುದು ಕಾಯುವವರು ಆರಿಸಿಟ್ಟ ಹೊತ್ತಿಗೆ. ದಾಳಿ ಮಾಡುವವರು ಅಲಾರಂ ಇಟ್ಟು ಏಳಬೇಕು. ಅದರ ಮೇಲೆ, ಒಂದೇ ಕಡೆ ಸಾವಿರಾರು ಜನ ಸೇರಿದಾಗ ಸರ್ವರ್ ಕುಸಿಯದಿರಲೆಂದು ಆಟ ತನ್ನ ಕಾಲವನ್ನೇ ನಿಧಾನ ಮಾಡುತ್ತದೆ. ಹತ್ತರಲ್ಲಿ ಒಂದು ಭಾಗಕ್ಕೆ ಇಳಿದಾಗ ಆರು ನಿಮಿಷದ ಕೆಲಸಕ್ಕೆ ಒಂದು ಗಂಟೆ. ಕದನಗಳು ಇಪ್ಪತ್ತು ಗಂಟೆ ಎಳೆಯುವುದು ಇದೇ ಕಾರಣಕ್ಕೆ.

ಇಂಥ ಕಡೆ ‘ನಿಜ ಜೀವನ ಮೊದಲು’ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಅದನ್ನು ನಡೆಸಿ ತೋರಿಸುವವನು ನಾಯಕನೇ ಆಗಬೇಕು. ಪರೀಕ್ಷೆ ಇದೆ ಎಂದವನನ್ನು, ಮಗುವಿಗೆ ಹುಷಾರಿಲ್ಲ ಎಂದವನನ್ನು ‘ಹೋಗಿ ಬಾ’ ಎಂದು ಕಳಿಸಬೇಕು, ಅವನ ಜಾಗಕ್ಕೆ ಇನ್ನೊಬ್ಬನನ್ನು ಹಾಕಬೇಕು. ತಾನೂ ಪಾಳಿ ಬಿಟ್ಟುಕೊಟ್ಟು ಮಲಗಬೇಕು. ಎಷ್ಟೋ ಒಳ್ಳೆಯ ಗುಂಪುಗಳು ಕರಗಿದ್ದು ವೈರಿಯಿಂದಲ್ಲ, ಎರಡು ವರ್ಷ ಒಬ್ಬನೇ ಹೊತ್ತು ದಣಿದ ಸಿಇಒ ಒಂದು ದಿನ ಸದ್ದಿಲ್ಲದೆ ಆಟ ಬಿಟ್ಟದ್ದರಿಂದ.

ಮುತ್ತಿಗೆಯಲ್ಲಿ ಉಳಿದವರು

2020ರ ಜುಲೈನಲ್ಲಿ ಗೂನ್‌ಸ್ವಾರ್ಮ್ ಮುಂದಾಳತ್ವದ ಇಂಪೀರಿಯಂ ಒಕ್ಕೂಟದ ಮೇಲೆ ಆಟದ ಬಹುತೇಕ ದೊಡ್ಡ ಶಕ್ತಿಗಳು ಒಟ್ಟಾಗಿ ಎರಗಿದವು. ಅದೇ ವರ್ಷದ ಅಕ್ಟೋಬರ್‌ನ ಒಂದು ಕದನದಲ್ಲಿ ಏಕಕಾಲಕ್ಕೆ 6,557 ಆಟಗಾರರು ಒಂದೇ ಸೌರಮಂಡಲದಲ್ಲಿದ್ದರು; ಅದು ಗಿನ್ನೆಸ್ ದಾಖಲೆಯಾಯಿತು. ವರ್ಷಾಂತ್ಯದ ಎಂ2-ಎಕ್ಸ್‌ಎಫ್‌ಇ ಕದನದಲ್ಲಿ 257 ಟೈಟನ್‌ಗಳು ಸುಟ್ಟವು. ಇಂಪೀರಿಯಂ ಪ್ರದೇಶದ ಮೇಲೆ ಪ್ರದೇಶ ಕಳೆದುಕೊಂಡು ಡೆಲ್ವ್‌ನ ಒಂದು ಪುಟ್ಟ ನಕ್ಷತ್ರಪುಂಜಕ್ಕೆ ಸೀಮಿತವಾಯಿತು. ಸಂಖ್ಯೆಯ ಲೆಕ್ಕದಲ್ಲಿ ಅವರು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 2021ರ ಆಗಸ್ಟ್‌ನಲ್ಲಿ ಮುತ್ತಿಗೆ ಹಾಕಿದವರೇ ಹಿಂದೆ ಸರಿದರು.

ಅವರನ್ನು ಉಳಿಸಿದ್ದು ಒಂದು ಮಹಾಯುಕ್ತಿ ಎಂದು ನನಗೆ ಅನಿಸುವುದಿಲ್ಲ. ಕಳೆದ ಹಡಗಿಗೆ ಪರಿಹಾರ ಬರುತ್ತಿತ್ತು. ನಾಯಕರು ನಿಯಮಿತವಾಗಿ ಸದಸ್ಯರ ಮುಂದೆ ಬಂದು ಯುದ್ಧ ಎಲ್ಲಿಗೆ ಬಂತು, ಮುಂದೇನು ಎಂದು ಹೇಳುತ್ತಿದ್ದರು. ಗಣಿಯವರಿಗೆ, ಕಟ್ಟುವವರಿಗೆ, ಸಾಗಿಸುವವರಿಗೆ, ಹೊಸಬರಿಗೆ ಪ್ರತಿದಿನ ಮಾಡಲು ಒಂದು ಕೆಲಸವಿತ್ತು. 2009 ಮತ್ತು 2010ರಲ್ಲಿ ಒಳಗಿನಿಂದ ಕುಸಿದ ಮನೆಗಳನ್ನು ನೋಡಿದವರು ಅಡಿಪಾಯವನ್ನು ಆ ಹೊತ್ತಿಗೆ ಗಟ್ಟಿ ಮಾಡಿಕೊಂಡಿದ್ದರು. ಎದುರಿನ ಒಕ್ಕೂಟವನ್ನು ಹಿಡಿದಿಟ್ಟದ್ದು ಮುಖ್ಯವಾಗಿ ಸಮಾನ ವೈರಿ. ಯುದ್ಧ ಎಳೆದಂತೆಲ್ಲ ಆ ಒಂದು ಕಾರಣ ಸಾಲದಾಯಿತು.

ಇದನ್ನೆಲ್ಲ ಬರೆಯಲು ಕಾರಣವಿದೆ. ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ಯಾವುದೋ ಆಟದಲ್ಲಿ ಒಂದು ಗಿಲ್ಡ್‌ಗೋ ಕ್ಲ್ಯಾನ್‌ಗೋ ಕಾರ್ಪೊರೇಷನ್‌ಗೋ ಮುಂದಾಳಾಗಿದ್ದಾರೆ. ಹೆತ್ತವರಿಗೆ ಅದು ಹೊತ್ತುಗಳೆಯುವುದಾಗಿ ಕಾಣುತ್ತದೆ. ಎಷ್ಟು ಹೊತ್ತು ಆಡುತ್ತಾರೆ ಎಂದು ಕೇಳುವುದು ಸರಿಯೇ. ಜೊತೆಗೆ ಅಲ್ಲಿ ಏನು ಹೊಣೆ ಹೊತ್ತಿದ್ದಾರೆ ಎಂದೂ ಕೇಳಬೇಕು. ಹದಿನೇಳರ ಹುಡುಗಿಯೊಬ್ಬಳು ಐದು ದೇಶಗಳ ಮೂವತ್ತು ಜನರ ನಡುವಿನ ಜಗಳ ಬಿಡಿಸಿ, ಲೆಕ್ಕ ಬರೆದು, ಹೊಸಬನಿಗೆ ದಾರಿ ತೋರಿಸುತ್ತಿದ್ದರೆ ಅವಳು ಕಲಿಯುತ್ತಿರುವುದು ಸಣ್ಣ ವಿದ್ಯೆಯಲ್ಲ. ಸಂಬಳ, ಭಯ, ಬಲವಂತ ಯಾವುದೂ ಇಲ್ಲದೆ ಜನರನ್ನು ಜೊತೆಗಿಟ್ಟುಕೊಳ್ಳುವ ಕಲೆ ನಮ್ಮ ಯುವಕ ಸಂಘಗಳಿಗೆ, ನಾಟಕ ತಂಡಗಳಿಗೆ, ಸಹಕಾರಿ ಸಂಸ್ಥೆಗಳಿಗೆ ಎಂದೆಂದೂ ಬೇಕಾದದ್ದು.

ಅಂಥ ಒಂದು ಗುಂಪಿನ ಹೊಣೆ ಇಂದು ನಿಮ್ಮ ಹೆಗಲಿಗೆ ಬಂದಿದ್ದರೆ ಮೊದಲ ವಾರದಲ್ಲೇ ಮೂರು ಸಂಗತಿ ಬರೆದಿಡಿ, ಎಲ್ಲರಿಗೂ ಕಾಣುವಂತೆ: ಯಾವ ಅಧಿಕಾರ ಯಾರ ಕೈಯಲ್ಲಿದೆ, ಕಳೆದುಕೊಂಡವನಿಗೆ ಎಷ್ಟು ದಿನದಲ್ಲಿ ಪರಿಹಾರ ಸಿಗುತ್ತದೆ, ನೀವಿಲ್ಲದಾಗ ನಡೆಸುವವರು ಯಾರು. ಆಮೇಲೆ ಒಂದು ವಾರ ಲಾಗಿನ್ ಆಗಬೇಡಿ. ಹಿಂತಿರುಗಿದಾಗ ಬಿಲ್ ಕಟ್ಟಿದ್ದರೆ, ಹೊಸಬನೊಬ್ಬ ಸೇರಿದ್ದರೆ, ಫ್ಲೀಟ್ ಒಂದು ಹೋಗಿ ಬಂದಿದ್ದರೆ ನೀವು ಗುಂಪು ಕಟ್ಟಿದ್ದೀರಿ. ಎಲ್ಲರೂ ನಿಮಗಾಗಿ ಕಾದು ಕೂತಿದ್ದರೆ ಕೆಲಸ ಇನ್ನೂ ಬಾಕಿ ಇದೆ.